ಒಂದು ತುಂಡು ದಾರಿ

ಫೋನು ಬೆಳಗಿನಿಂದ ಪ್ಲಾಸ್ಟರ್ ಒರೆಸುವ ಬಟ್ಟೆಯ ಕೆಳಗೆ ಬಿದ್ದಿತ್ತು. ಮೇಣದಲ್ಲಿ ಕೂರಿಸಿದ ಕೃತಕ ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದು, ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ಅವನು ಕೈ ತೊಳೆದು ಬಟ್ಟೆ ಎತ್ತಿದ. ಭಾವನ ಸಂದೇಶ ಬಂದು ಆಗಲೇ ತುಂಬ ಹೊತ್ತಾಗಿತ್ತು. ಮೊದಲಿಗೊಂದು ಚಿತ್ರ: ಹೆದ್ದಾರಿಗಳ ನಕ್ಷೆ, ಎಲ್ಲ ಗೆರೆಗಳೂ ಹಸಿರು, ಒಂದು ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಕೆಂಪು. ಅದರ ಕೆಳಗೆ ಬರಹ.

“ಪೊರಕೆ, ನಿನ್ನೆವರೆಗೂ ನೂರಕ್ಕೆ ನೂರು ಇತ್ತು. ಇವತ್ತು ಎದ್ದು ನೋಡಿದ್ರೆ ಒಂದು ಕೂದಲು ಕಮ್ಮಿ. ಯಾರ ಕೈಚಳಕ ಅಂತ ಗೊತ್ತು. ಹೋಗಿ ಮುಗಿಸ್ಕೊಂಡೇ ಬರ್ತೀನಿ. ಊಟಕ್ಕೆ ಸ್ವಲ್ಪ ತಡ ಆಗುತ್ತೆ ಅಂತ ಪುಟ್ಟಿಗೆ ಹೇಳು.”

ಅವನಿಗೆ ನಗು ಬಂತು. ಭಾವ ಅವನ ಹೆಂಡತಿಯ ಅಣ್ಣ; ಪುಟ್ಟಿ ಎಂದರೆ ಅವಳೇ. ಕೆಲಸದಲ್ಲಿದ್ದಷ್ಟು ಕಾಲ ಲಿಫ್ಟ್ ರಿಪೇರಿ ಮಾಡಿದವರು. ನಿವೃತ್ತರಾದ ವಾರವೇ, ಬದುಕೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿದ್ದಾಯಿತು, ಇನ್ನು ಮೇಲೆ ಉದ್ದಕ್ಕೆ ಓಡಾಡುತ್ತೇನೆ ಎಂದು ಹಳೆಯದೊಂದು ಕಾರು ಕೊಂಡಿದ್ದರು. ರಸ್ತೆಯ ಹುಚ್ಚಿನವರು ಸೇರಿ ನಡೆಸುತ್ತಿದ್ದ ಜಾಲತಾಣವೊಂದನ್ನು ಎಲ್ಲಿಂದಲೋ ಪತ್ತೆ ಮಾಡಿದವರೂ ಅವರೇ. ಅಲ್ಲಿ ಪ್ರತಿ ಹೆದ್ದಾರಿಗೂ ಸಾಲಾಗಿ ಬಿಂದುಗಳಿದ್ದವು; ಬಿಂದುವಿನಿಂದ ಬಿಂದುವಿಗೆ ಗೆರೆ. ಸದಸ್ಯರು ತಾವು ನಿಜವಾಗಿ ಗಾಡಿ ಓಡಿಸಿದ ತುಂಡುಗಳನ್ನು ಗುರುತು ಹಾಕಿದರೆ ಅವರವರ ನಕ್ಷೆಯಲ್ಲಿ ಅಷ್ಟು ಹಸಿರಾಗುತ್ತಿತ್ತು. ಉಳಿದದ್ದು ಕೆಂಪು; ಯಾರಾದರೂ ಹೊಸ ತುಂಡು ಸೇರಿಸಿದರೆ ಪೂರಾ ಹಸಿರಾಗಿದ್ದವರಿಗೂ ಮತ್ತೆ ಅಷ್ಟು ಕೆಂಪು. ಇದರಿಂದ ಯಾರಿಗೇನು ಲಾಭ ಎಂದು ತಂಗಿ ಕೇಳಿದಾಗಲೆಲ್ಲ ಭಾವ, ನಿನಗೆ ಗೊತ್ತಾಗಲ್ಲ ಬಿಡು ಎಂದು ಕಾರಿನ ಗಾಜು ಒರೆಸಲು ಹೋಗುತ್ತಿದ್ದರು.

ಅವನು ಕಾರು ಹತ್ತಿದರೆ ವಾಂತಿ ಮಾಡಿಕೊಳ್ಳುವವನು. ಆದ್ದರಿಂದ ಓಡಾಡುವವರ ಪೈಕಿ ಸೇರದೆ ಗುಡಿಸುವವರ ಪೈಕಿ ಸೇರಿಕೊಂಡ. ರಸ್ತೆಯಿಂದ ಆಚೆ ಸರಿದು ಕೆರೆಯಲ್ಲೋ ಯಾರದೋ ಮನೆಯ ಮೇಲೋ ಕೂತ ಬಿಂದುವನ್ನು ಮತ್ತೆ ರಸ್ತೆಗೆ ತರುವುದು, ಎರಡು ದಾರಿ ಕೂಡುವ ಕಡೆ ಎರಡೂ ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡುವುದು, ಇಂಥವು. ತೀರಾ ಹತ್ತಿರವಿದ್ದೂ ಒಂದಕ್ಕೊಂದು ತಾಗದ ಬಿಂದುಗಳನ್ನು ಜಾಲತಾಣವೇ ಹುಡುಕಿ ಅವನ ಮುಂದೆ ಹಾಕುತ್ತಿತ್ತು. ಅವನು ಮೇಲಿನಿಂದ ತೆಗೆದ ಉಪಗ್ರಹದ ಚಿತ್ರ ನೋಡಿ ಸೇರಿಸಬೇಕಾದದ್ದನ್ನು ಸೇರಿಸುತ್ತಿದ್ದ. ದಿನವಿಡೀ ಹಲ್ಲಿಗೆ ಹಲ್ಲು ಹೊಂದಿಸುವವನಿಗೆ ಇದು ಕೈಗೆ ಬಂದ ಕೆಲಸವೇ ಆಗಿತ್ತು. ಎರಡರ ನಡುವೆ ಬಿಟ್ಟುಹೋದ ಸಂದು ಕಂಡರೆ ಅವನ ಬೆರಳು ತಾನಾಗಿಯೇ ಅತ್ತ ಹೋಗುತ್ತಿತ್ತು. ಕೂತಲ್ಲೇ ದಾರಿ ಗುಡಿಸುವವನು ಎಂದು ಭಾವ ಅವನಿಗೆ ಪೊರಕೆ ಎಂದು ಹೆಸರಿಟ್ಟಿದ್ದರು.

ಯಾವ ತುಂಡಿರಬಹುದು ಎಂಬ ಕುತೂಹಲದಿಂದ ಕಂಪ್ಯೂಟರ್ ತೆರೆದ. ಕಣಿವೆಯ ಹತ್ತಿರದ್ದು. ಹೊಸ ಹೆದ್ದಾರಿ ಬರುವ ಮೊದಲಿನ ಹಳೆಯ ರಸ್ತೆ ಕೆಳಗಿನ ಪುಟ್ಟ ಊರಿನಿಂದ ಬೆಟ್ಟ ಹತ್ತಿ, ಪಾಳುಬಿದ್ದ ಸುಂಕದ ಕಟ್ಟೆಯೊಂದರ ಬಳಿ ಕೊನೆಯಾಗುತ್ತಿತ್ತು. ಅಲ್ಲಿಂದ ಸ್ವಲ್ಪ ಆಚೆಗೆ ಹೊಸ ಹೆದ್ದಾರಿಯ ಗೆರೆ. ನಡುವೆ ಖಾಲಿ. ನಿನ್ನೆ ಹತ್ತಾರು ಸಂದು ಸೇರಿಸುವಾಗ ಚಿತ್ರದಲ್ಲಿ ಸುಂಕದ ಕಟ್ಟೆಯಿಂದ ಹೆದ್ದಾರಿಯವರೆಗೆ ನೇರವಾದ ಕಪ್ಪು ಪಟ್ಟೆಯೊಂದು ಅವನ ಕಣ್ಣಿಗೆ ಬಿದ್ದಿತ್ತು. ಹೊಸ ಡಾಂಬರಿನ ಹಾಗೆ ಅಚ್ಚುಕಟ್ಟಾಗಿತ್ತು. ಇಷ್ಟು ದಿನ ಯಾರಿಗೂ ಕಾಣಿಸಲಿಲ್ಲವಲ್ಲ ಎಂದುಕೊಂಡು ಅದರ ಮೇಲೆ ಗೆರೆ ಎಳೆದು ಎರಡನ್ನೂ ಕೂಡಿಸಿದ್ದ.

ಈಗಲೂ ಪಟ್ಟೆ ಅಲ್ಲೇ ಇತ್ತು. ಸುಮ್ಮನೆ ಒಮ್ಮೆ, ಬೇರೆ ಹೊತ್ತಿನಲ್ಲಿ ತೆಗೆದ ಹಳೆಯ ಚಿತ್ರಕ್ಕೆ ಬದಲಾಯಿಸಿದ. ಪಟ್ಟೆ ಅಲ್ಲಿರಲಿಲ್ಲ. ಕಣಿವೆಯ ಇನ್ನೊಂದು ಬದಿಯಲ್ಲಿ, ಪೊದೆಗಳ ಮೇಲೆ ಮಲಗಿತ್ತು.

ರಸ್ತೆ ಜಾಗ ಬದಲಾಯಿಸುವುದಿಲ್ಲ. ಅವನು ಮತ್ತೊಂದು ಚಿತ್ರ ತೆಗೆದ. ಅದರಲ್ಲಿ ಪಟ್ಟೆ ತೆಳ್ಳಗಾಗಿ ಹೆದ್ದಾರಿಯ ಮಗ್ಗುಲಿಗೇ ಅಂಟಿಕೊಂಡಿತ್ತು. ಅದು ನೆರಳು. ಆ ಜಾಗದಲ್ಲಿ ಹೆದ್ದಾರಿ ನೆಲದ ಮೇಲಿರಲಿಲ್ಲ; ಕಂಬಗಳ ಮೇಲೆ ಕಣಿವೆ ದಾಟುವ ಸೇತುವೆ ಅದು. ನೆರಳು ಅಷ್ಟು ದೂರ ಬೀಳಬೇಕಾದರೆ ಸೇತುವೆ ಎಷ್ಟು ಎತ್ತರ ಇರಬೇಕು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಸುಂಕದ ಕಟ್ಟೆ ದಾಟಿದ ಮೇಲೆ ಚಿತ್ರದಲ್ಲಿ ಹಳೆಯ ರಸ್ತೆ ಒಂದು ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿತ್ತು. ಹಳೆಯ ಸೇತುವೆ ಇದ್ದ ಜಾಗ. ಈಗ ಅಲ್ಲಿ ಏನೂ ಇರಲಿಲ್ಲ.

ಭಾವನಿಗೆ ಫೋನು ಮಾಡಿದ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು. ಮತ್ತೆ ಮಾಡಿದ. ಅದೇ ದನಿ, ಅದೇ ಸಮಾಧಾನದಲ್ಲಿ. ಭಾವನ ಎಡಗಣ್ಣಿನ ಪೊರೆ ತೆಗೆದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಬಲಗಣ್ಣಿನದು ಬಾಕಿ ಇತ್ತು. ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಇರಬೇಕು, ಫೋನು ಮಾಡುವ ಬದಲು ಬೆಳಗ್ಗೆಯೇ ಸಂದೇಶ ಹಾಕಿ ಹೊರಟುಬಿಟ್ಟಿದ್ದಾರೆ. ಕಣಿವೆಗೆ ಎರಡು ಗಂಟೆ ದಾರಿ. ಹೋಗಿ, ಮುಗಿಸಿ, ಇಷ್ಟು ಹೊತ್ತಿಗೆ ಮನೆಗೆ ಬಂದು ಕೂತಿರಬೇಕಿತ್ತು. ಹೆದರಬೇಕಾದದ್ದು ಮುಂದೆ ಆಗುವುದಕ್ಕಲ್ಲ. ತಾನು ಸಂದು ಮುಚ್ಚಿದೆಯೇ ಎಂದು ನೋಡುತ್ತ ಕೂತಿದ್ದಾಗಲೇ ಅದು ಆಗಿ ಮುಗಿದಿರಬಹುದು.

ಆಮೇಲೆ ಅವನು ಮಾಡಿದ ಮೊದಲ ಕೆಲಸ ಆ ತುಂಡನ್ನು ಅಳಿಸಿದ್ದು. ಅಳಿಸಿದ ಮೇಲೆ, ‘ನಿಮ್ಮ ಬದಲಾವಣೆ ಇಂದು ರಾತ್ರಿ ಜಾರಿಗೆ ಬರುತ್ತದೆ’ ಎಂಬ ಎಂದಿನ ಸಾಲು ಬಂತು. ನೂರಾರು ಸಲ ನೋಡಿದ್ದ ಸಾಲನ್ನು ಅವನು ಮೊದಲ ಬಾರಿಗೆ ಓದಿದವನಂತೆ ಓದಿದ.

ಒಳಗೆ ಹೆಂಡತಿ ಊಟದ ಮೇಜಿನ ಮೇಲೆ ಮೂರು ತಟ್ಟೆ ಇಡುತ್ತಿದ್ದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಭಾನುವಾರ ಮಾತ್ರ ಬಿಡುವು. ಭಾವ ತಡವಾಗಿ ಬರುತ್ತಾರಂತೆ ಎಂದ. ಮಾತು ಸಹಜವಾಗಿಯೇ ಹೊರಬಂತು, ಅದು ಅವನಿಗೇ ಹೆದರಿಕೆ ಹುಟ್ಟಿಸಿತು. ಅವಳು, ಅಣ್ಣನಿಗೆ ಕಣ್ಣಿನ ಪೊರೆ ತೆಗೆದರು, ತಲೆಯಲ್ಲಿದ್ದದ್ದನ್ನು ಹಾಗೇ ಬಿಟ್ಟರು ಎಂದು ನಕ್ಕು, ಅವನ ತಟ್ಟೆಗೆ ಬಡಿಸಿದಳು. ಅವನು ಕೂತ. ಒಂದು ತುತ್ತು ಬಾಯಿಗಿಟ್ಟು ಅಗಿಯುತ್ತಲೇ ಇದ್ದ. ಹೇಳಬೇಕಾದ ವಾಕ್ಯ ಒಳಗೆ ಸಿದ್ಧವಾಗಿತ್ತು, ಆದರೆ ಹೇಳಿದ ಕೂಡಲೇ ಅದು ನಿಜವಾಗುತ್ತದೆ. ಸುಮ್ಮನಿರುವಷ್ಟು ಹೊತ್ತು ಭಾವ ಎಲ್ಲೋ ದಾರಿಯ ಮೇಲೆ ಇದ್ದಾರೆ, ಗಾಜು ಒರೆಸುತ್ತಿದ್ದಾರೆ, ಬರುತ್ತಿದ್ದಾರೆ.

ಹೆಂಡತಿ ಅವನ ಕೈ ನೋಡುತ್ತಿದ್ದಳು. ಎರಡನೆಯ ತುತ್ತು ಬೆರಳುಗಳಲ್ಲೇ ಉಳಿದಿತ್ತು.

“ಏನ್ರೀ ಆಯ್ತು?”

ಅವನು ಹೇಳಿದ. ನೆರಳಿನ ವಿಷಯ, ಗೆರೆಯ ವಿಷಯ, ಫೋನಿನ ವಿಷಯ. ಅವನು ಮುಗಿಸುವ ಮೊದಲೇ ಅವಳು ಎದ್ದು ಕೈ ತೊಳೆದು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದಳು.

ಅದು ಕಲಿಸುವ ಕಾರು. ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು. ದಿನಾ ಅವಳು ಕೂರುವ ಜಾಗದಲ್ಲಿ ಇವತ್ತು ಅವನು. ಊರು ದಾಟಿದ ಮೇಲೆ ಅವನು ಭಾವನ ನಂಬರನ್ನು ಒತ್ತುತ್ತಲೇ ಇದ್ದ, ಅವಳು ರಸ್ತೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಮೊದಲ ಒಂದು ಗಂಟೆಯ ದಾರಿಯಲ್ಲಿ ಅವಳು ಆಡಿದ್ದು ಎರಡೇ ಮಾತು. ಮೊದಲನೆಯದು, “ಆ ಬ್ರೇಕಿನ ಮೇಲಿಂದ ಕಾಲು ತೆಗೀರಿ, ಗಾಡಿ ಎಳೀತಾ ಇಲ್ಲ.” ಎರಡನೆಯದು, ಮುಂದಿನ ತಿರುವು ಎಷ್ಟು ದೂರ ಎಂದು. ಅವನು ಹೇಳಿದ. ಅದರ ಮುಂದಿನದೂ ಹೇಳಿದ. ಎಂದೂ ಬಾರದ ದಾರಿಯ ಒಂದೊಂದು ತಿರುವೂ ಅವನಿಗೆ ಬಾಯಿಪಾಠವಾಗಿತ್ತು. ಬಲಕ್ಕೆ ಪೆಟ್ರೋಲ್ ಬಂಕು ಬರುತ್ತದೆ ಎಂದರೆ ಬರುತ್ತಿತ್ತು. ಎಡಕ್ಕೆ ಕವಲು ಎಂದರೆ ಕವಲು. ಒಂದಾದರೂ ತಪ್ಪಿದ್ದರೆ ಚೆನ್ನಾಗಿತ್ತು ಎನ್ನಿಸತೊಡಗಿತು ಅವನಿಗೆ. ಇಷ್ಟೆಲ್ಲ ಸರಿಯಿರುವ ನಕ್ಷೆಯನ್ನು ಯಾರು ತಾನೇ ಸಂಶಯದಿಂದ ನೋಡುತ್ತಾರೆ?

ಬೆಟ್ಟ ಶುರುವಾದಾಗ ಅವನ ಕಿವಿ ಮುಚ್ಚಿಕೊಂಡಿತು. ಇದು ಯಾವ ಚಿತ್ರದಲ್ಲೂ ಇರಲಿಲ್ಲ. ಎಂಜಲು ನುಂಗಿದ. ಕಿವಿ ತೆರೆಯಿತು, ಮತ್ತೆ ಮುಚ್ಚಿತು. ವಾಂತಿ ಬರುತ್ತಿರಲಿಲ್ಲ, ಅದಕ್ಕೂ ಪುರುಸೊತ್ತಿಲ್ಲದಂತಿತ್ತು ಹೊಟ್ಟೆಗೆ. ಒಂದೇ ಒಂದು ಆಸೆಯನ್ನು ಅವನು ಹಿಡಿದುಕೊಂಡಿದ್ದ. ಯಾವ ಕಟ್ಟಡಕ್ಕೆ ಹೋದರೂ ಭಾವ ಲಿಫ್ಟಿನ ಬಾಗಿಲು ತೆರೆದ ಮೇಲೆ ಒಂದು ಕ್ಷಣ ನಿಂತು, ಕೆಳಗೆ ನೋಡಿ, ಆಮೇಲೆ ಕಾಲಿಡುತ್ತಿದ್ದರು. ಬಾಗಿಲು ತೆರೆದ ಮಾತ್ರಕ್ಕೆ ಲಿಫ್ಟ್ ಬಂದಿದೆ ಅಂತಲ್ಲ ಎನ್ನುವರು. ಮದುವೆಮನೆಯಲ್ಲಿ ಕೂಡ, ಹಿಂದೆ ಜನ ನೂಕುತ್ತಿದ್ದರೂ, ನೋಡಿಯೇ ಕಾಲಿಡುವರು. ಅಂಥವರು ನೋಡದೆ ಹೋಗುತ್ತಾರೆಯೇ?

ಕೆಳಗಿನ ಊರಿನಲ್ಲಿ ಹಳೆಯ ರಸ್ತೆ ಕವಲೊಡೆಯುವ ಕಡೆ ಪಂಕ್ಚರ್ ಅಂಗಡಿಯೊಂದಿತ್ತು. ಹೆಂಡತಿ ಗಾಜು ಇಳಿಸಿ, ಬೂದು ಬಣ್ಣದ ಹಳೆಯ ಕಾರು, ಕಪ್ಪು ಕನ್ನಡಕದ ಹಿರಿಯರು ಎಂದು ಕೇಳಿದಳು. ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ.

“ಬಂದಿದ್ರು. ಮೇಲಿನ ಹೈವೇಗೆ ಇಲ್ಲಿಂದ ಹೋಗುತ್ತಾ ಅಂದ್ರು. ಇಲ್ಲ ಸಾರ್, ಮುಂದೆ ದಾರಿ ಇಲ್ಲ ಅಂದೆ. ಫೋನ್ ತೋರ್ಸಿ, ಇದೆ ನೋಡಪ್ಪಾ, ಹೊಸದಾಗಿ ಮಾಡಿದಾರೆ, ನಿನಗೇ ಗೊತ್ತಿಲ್ಲ ಅಂದ್ರು.” ಆಮೇಲೆ ತಲೆ ಎತ್ತಿದ. “ನಾನೂ ಇರಬಹುದೇನೋ ಅಂದ್ಕೊಂಡೆ. ಆ ಕಡೆ ಹೋಗಿ ವರ್ಷಗಳಾಯ್ತು.”

ವಾಪಸು ಬಂದರೇ ಎಂದು ಕೇಳಲು ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಅಂಗಡಿಯವನೇ ಹೇಳಿದ. “ಬಂದಿದ್ದು ನೋಡಿಲ್ಲ. ಅಡ್ಡ ಒಂದು ಕಬ್ಬಿಣದ ಕಂಬಿ ಇತ್ತಮ್ಮ, ಅದನ್ನ ಯಾವನೋ ಗುಜರಿಗೆ ಹಾಕ್ಬಿಟ್ಟ.”

ಅಲ್ಲಿಂದ ಮೇಲೆ ರಸ್ತೆಯ ಅರ್ಧವನ್ನು ಹುಲ್ಲು ತಿಂದಿತ್ತು. ಹುಲ್ಲಿನ ಮೇಲೆ ಒಂದು ಗಾಡಿಯ ಚಕ್ರದ ಗುರುತು, ಹೋದದ್ದು ಮಾತ್ರ. ಸುಂಕದ ಕಟ್ಟೆ ಕಂಡಿತು. ಚಾವಣಿ ಇಲ್ಲದ ಇಟ್ಟಿಗೆಯ ಕೋಣೆ, ದುಡ್ಡು ಇಸಿದುಕೊಳ್ಳುವ ಕಿಂಡಿ. ಅದರಾಚೆ, ಇಳಿಜಾರಿನಲ್ಲಿ, ಬೂದು ಬಣ್ಣದ ಕಾರು. ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ.

ಹೆಂಡತಿ ಗಾಡಿ ನಿಲ್ಲಿಸಿದಳು. ಎಂಜಿನ್ ನಿಂತ ಮೇಲೆ ತಲೆಯ ಮೇಲಿನಿಂದ ಇನ್ನೊಂದು ಸದ್ದು ಕೇಳಿಸಿತು. ಎಲ್ಲೋ ಆಕಾಶದಲ್ಲಿ ಲಾರಿಗಳು ಹೋಗುತ್ತಿದ್ದವು. ಅವನು ಕತ್ತೆತ್ತಿದ. ಸೇತುವೆಯ ತಳ ಅಷ್ಟು ಮೇಲೆ ಇತ್ತು. ಪರದೆಯ ಮೇಲೆ ಅವನು ಬೆರಳಿನ ಒಂದು ಎಳೆತದಲ್ಲಿ ಕೂಡಿಸಿದ್ದ ಎರಡರ ನಡುವೆ ಹದ್ದೊಂದು ಸುತ್ತುತ್ತಿತ್ತು.

“ಅಣ್ಣಾ,” ಎಂದು ಹೆಂಡತಿ ಕರೆದಳು. ಕಣಿವೆ ಅದನ್ನು ಇಟ್ಟುಕೊಂಡಿತು.

ಅವನು ಕಾರಿನ ಹತ್ತಿರ ಹೋದ. ಮುಂದಿನ ಚಕ್ರ ಡಾಂಬರು ಮುಗಿಯುವ ಕಡೆಯಲ್ಲಿತ್ತು. ಅದರ ಮುಂದೆ ಒಂದು ಗೇಣು ಜಲ್ಲಿ, ಆಮೇಲೆ ಗಾಳಿ. ಬಾಗಿಲ ಕೆಳಗೆ ಭಾವನ ಕಪ್ಪು ಕನ್ನಡಕ ಬಿದ್ದಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಮೊಣಕಾಲೂರಿ, ಅಂಗೈ ಊರಿ, ಹೊಟ್ಟೆಯ ಮೇಲೆ ತೆವಳಿ ಅಂಚಿನಿಂದ ಕೆಳಗೆ ನೋಡಿದ. ತುಂಬ ಕೆಳಗೆ ಹಳೆಯ ಸೇತುವೆಯ ಕಲ್ಲುಗಳು, ಪೊದೆ, ಪೊದೆಯ ಮಧ್ಯೆ ಬೆಳ್ಳಗೆ ಏನೋ. ಬಟ್ಟೆಯ ಹಾಗೆ. ಅಂಗಿಯ ಹಾಗೆ. ಅವನು ಕಣ್ಣು ಮುಚ್ಚಿ ತೆರೆದ. ಗಾಳಿಗೆ ಅದು ಸ್ವಲ್ಪ ಉಬ್ಬಿತು. ಸಿಮೆಂಟಿನ ಚೀಲ ಇರಬಹುದು. ಈ ಎತ್ತರದಿಂದ ನೋಡಿ ಯಾವುದು ಏನೆಂದು ಹೇಳುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

“ಅಲ್ಲಿ ಏನು ಹುಡುಕ್ತಿದೀಯಾ, ಪೊರಕೆ?”

ದನಿ ಹಿಂದಿನಿಂದ ಬಂತು. ಸುಂಕದ ಕಟ್ಟೆಯ ಕಿಂಡಿಯಿಂದ. ಹೆಂಡತಿ ಆಗಲೇ ಅತ್ತ ಓಡಿದ್ದಳು.

ಭಾವ ಕೋಣೆಯ ಮೂಲೆಯಲ್ಲಿ, ಬೆನ್ನನ್ನು ಎರಡು ಗೋಡೆಗಳಿಗೆ ಒತ್ತಿ ನೆಲದ ಮೇಲೆ ಕೂತಿದ್ದರು. ಪ್ಯಾಂಟಿನ ಮೊಣಕಾಲು ಹರಿದಿತ್ತು. ಎದ್ದು ನಿಂತರೆ ನೆಲ ಅತ್ತ ಕಡೆಗೇ ವಾಲಿದ ಹಾಗೆ ಆಗುತ್ತದೆಂದೂ, ಕಾರಿನಿಂದ ಇಲ್ಲಿಯವರೆಗೆ ಅಂಬೆಗಾಲಿನಲ್ಲಿ ಬಂದದ್ದೆಂದೂ ಹೇಳಿದರು. ತಂಗಿ ಕರೆದದ್ದು ಕೇಳಿಸಿತ್ತಂತೆ. ಗಂಟಲಿನಿಂದ ದನಿ ಬರಲಿಲ್ಲವಂತೆ. ಹೆಂಡತಿ ನೀರಿನ ಬಾಟಲಿಯನ್ನು ಅವರ ಬಾಯಿಗೆ ಹಿಡಿದಳು.

ಅವನು ಬಾಗಿಲಲ್ಲಿ ನಿಂತಿದ್ದ. “ಭಾವ, ನೀವು ಇಳಿದು ನೋಡಿದ್ರಲ್ಲ,” ಎಂದ. ಕೇಳುವುದಕ್ಕಿಂತ ಬೇಡುವ ಹಾಗಿತ್ತು ಅದು. “ಕೆಳಗೆ ನೋಡಿ ತಾನೇ ನಿಲ್ಸಿದ್ದು?”

ಭಾವ ನೀರು ನುಂಗಿ ಅವನ ಕಡೆ ತಿರುಗಿದರು. ಒಂದು ಕಣ್ಣು ಸ್ವಚ್ಛ, ಇನ್ನೊಂದು ಮಂಜು.

“ಇಲ್ಲ. ನೀನು ಎಳೆದ ಗೆರೆ ಅಲ್ವಾ ಅಂತ ನೋಡ್ಲಿಲ್ಲ.”

ಮೇಲೆ ಒಂದು ಲಾರಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಭಾವನೇ, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದರು. ಬಿಸಿಲಿನಿಂದ ಥಟ್ಟನೆ ನೆರಳಿಗೆ ನುಗ್ಗಿದಂತಾಯಿತಂತೆ. ಸೇತುವೆಯ ನೆರಳು ಆಗ ರಸ್ತೆಗೆ ಸರಿಯಾಗಿ ಅಡ್ಡ ಬಿದ್ದಿತ್ತಂತೆ. ಕಪ್ಪು ಕನ್ನಡಕದಲ್ಲಿ ಪೂರಾ ಕತ್ತಲೆ. ಕನ್ನಡಕ ತೆಗೆಯೋಣ ಅಂತ ಬ್ರೇಕ್ ಹಾಕಿದರಂತೆ. ಅಷ್ಟೆ.

ಕಾರನ್ನು ಅಲ್ಲೇ ಬಿಟ್ಟು ಹೋಗೋಣ, ನಾಳೆ ಯಾರನ್ನಾದರೂ ಕರೆತಂದು ಎಳೆಸೋಣ ಎಂದು ಅವನೆಂದ. ಹೆಂಡತಿ ಅವನ ಕಡೆ ತಿರುಗಿದಳು.

“ಅಳಿಸಿದ್ರಾ ಅದನ್ನ?”

“ಅಳಿಸಿದೆ. ರಾತ್ರಿ ಹೋಗುತ್ತೆ.”

“ಅಲ್ಲೀವರೆಗೆ?”

ಅಣ್ಣನಂಥವರು ಇನ್ನೂ ಎಷ್ಟು ಜನ ಇದ್ದಾರೆ ಎಂದು ಅವಳು ಕೇಳಿದಳು. ಇದ್ದರು. ಒಂದು ಕೂದಲು ಕಮ್ಮಿಯಾದರೆ ನಿದ್ದೆ ಬಾರದವರು. ಅವರಲ್ಲಿ ಯಾರಾದರೂ ಈ ಇಳಿಜಾರಿನ ತುದಿಯಲ್ಲಿ ನಿಂತ ಕಾರನ್ನು ದೂರದಿಂದ ಕಂಡರೆ, ಮುಂದೆ ದಾರಿ ಇದೆ ಎಂದೇ ತಿಳಿಯುತ್ತಾರೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಲ್ಲು ಆರಿಸತೊಡಗಿದಳು.

ಮುಂದಿನ ಎರಡು ಚಕ್ರಗಳಿಗೂ ಕಲ್ಲು ಕೊಟ್ಟರು. ಅವಳು ಬಾಗಿಲಿನಿಂದ ಒಳಗೆ ಜಾರಿ ಕೂತಾಗ ಕಾರು ಅವಳ ಭಾರಕ್ಕೆ ಸ್ವಲ್ಪ ಕುಗ್ಗಿ ನಿಂತಿತು. ಭಾವ ಕಿಂಡಿಯ ಒಳಗೇ ಮುಖ ತಿರುಗಿಸಿಕೊಂಡರು. ಅವನು ಅಂಚಿನ ಮಗ್ಗುಲಲ್ಲಿ, ಚಕ್ರ ಕಾಣುವ ಹಾಗೆ ಕುಕ್ಕರಗಾಲಲ್ಲಿ ಕೂತ.

“ಎಷ್ಟಿದೆ?” ಎಂದಳು ಒಳಗಿನಿಂದ. ಕಲಿಯುವವರ ಹತ್ತಿರ ಮಾತಾಡುವ ದನಿ, ಏರಿಳಿತವಿಲ್ಲದ್ದು.

ಅವನು ಕೈಯೆತ್ತಿ ಗೇಣು ತೋರಿಸಿದ.

“ಕೈ ಕಾಣಲ್ಲ. ಬಾಯಿಬಿಟ್ಟು ಹೇಳಿ.”

“ಒಂದು ಗೇಣು.” ಜಲ್ಲಿ ಸರಿಯಿತು. “ಇಲ್ಲ. ಒಂದು ಗೇಣಿಗಿಂತ ಕಮ್ಮಿ.”

“ಸರಿ. ಹೇಳ್ತಾನೇ ಇರಿ. ನಿಲ್ಸಬೇಡಿ.”

ಎಂಜಿನ್ ಗುಟುರು ಹಾಕಿತು. ಹಿಂದಿನ ಚಕ್ರ ಹುಲ್ಲಿನಲ್ಲಿ ಸುಮ್ಮನೆ ತಿರುಗಿತು. ಮುಂದಿನದು ಕಲ್ಲಿಗೆ ಒರಗಿ, ಕಲ್ಲನ್ನು ಅಂಚಿನ ಕಡೆಗೆ ಒಂದಿಷ್ಟು ನೂಕಿತು. ನಾಲ್ಕು ಬೆರಳು ಎಂದ. ಮೂರು ಬೆರಳು ಎಂದ. ತನ್ನ ದನಿ ತನಗೇ ದೂರದಿಂದ ಕೇಳಿಸುತ್ತಿತ್ತು. ಎರಡು ಬೆರಳು ಎನ್ನುವಾಗ ಜಲ್ಲಿಯ ಒಂದು ಹಿಡಿ ಅಂಚಿನಿಂದ ಕಳಚಿಕೊಂಡು ಹೋಯಿತು. ಅದು ಎಲ್ಲಿಯೋ ತಲುಪಿದ ಸದ್ದಿಗಾಗಿ ಕಾದ, ಬರಲಿಲ್ಲ. ಎರಡು ಬೆರಳು, ಎರಡು ಬೆರಳು, ಎರಡು ಬೆರಳು ಎಂದು ಹೇಳುತ್ತಲೇ ಇದ್ದ. ಹಿಂದಿನ ಚಕ್ರ ಹುಲ್ಲಿನ ಕೆಳಗಿನ ಡಾಂಬರನ್ನು ಕಚ್ಚಿತು. ಮೂರು ಬೆರಳು ಎಂದ. ಗೇಣು ಎಂದ. ಮೊಳ ಎಂದ. ಕಾರು ಸುಂಕದ ಕಟ್ಟೆ ದಾಟಿ ನಿಂತ ಮೇಲೂ ಅವನ ಬಾಯಿ ಅಳತೆಗಳನ್ನು ಹೇಳುತ್ತಿತ್ತು.

ಅವಳು ಇಳಿದು ಬಂದಳು. ಸ್ಟಿಯರಿಂಗ್ ಹಿಡಿದ ಆಕಾರದಲ್ಲೇ ಅವಳ ಬೆರಳುಗಳು ಮಡಚಿಕೊಂಡಿದ್ದವು. ಅವನ ಹತ್ತಿರ ಬಂದಳು. ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡು ರಸ್ತೆಯ ಮಧ್ಯಕ್ಕೆ ಹಾಕಿದಳು. ಅವನೂ ಎತ್ತಿಕೊಂಡ. ಸುಂಕದ ಕಟ್ಟೆಯ ಬಿದ್ದ ಇಟ್ಟಿಗೆ, ಹಳೆಯ ಮೈಲಿಗಲ್ಲಿನ ಮುರಿದ ಅರ್ಧ, ಸಿಕ್ಕಿದ್ದನ್ನೆಲ್ಲ ತಂದು ರಸ್ತೆಗೆ ಅಡ್ಡಲಾಗಿ ಇಟ್ಟರು. ಮೇಣ ತಿದ್ದುವ ಅವನ ಬೆರಳುಗಳ ತುದಿ ಸುಲಿಯಿತು. ಸಾಲಿನಲ್ಲಿ ಎಲ್ಲಿ ಸಂದು ಉಳಿದಿದೆ ಎಂದು ಅವನು ಬಗ್ಗಿ ಬಗ್ಗಿ ನೋಡುತ್ತಿದ್ದ. ಭಾವ ಗೋಡೆ ಹಿಡಿದು ಹೊರಗೆ ಬಂದು, ಎರಡು ಕೈಯಲ್ಲೂ ಒಂದೇ ಇಟ್ಟಿಗೆ ಹಿಡಿದು, ತೊಟ್ಟಿಲಿಗೆ ಕೂಸು ಇಡುವವರಂತೆ ಸಾಲಿನ ಕೊನೆಯಲ್ಲಿಟ್ಟರು.

ಬಿಸಿಲು ಓರೆಯಾಗಿತ್ತು. ಸೇತುವೆಯ ನೆರಳು ಈಗ ಈ ಬದಿಯಲ್ಲಿ ಇರಲಿಲ್ಲ. ಕಣಿವೆ ದಾಟಿ, ಎದುರಿನ ಬಂಡೆಯ ಮೈಮೇಲೆ ನೇರವಾಗಿ, ಅಚ್ಚುಕಟ್ಟಾಗಿ ಹಾಸಿಕೊಂಡಿತ್ತು. ಅದರ ಮೇಲೆ ಒಂದು ಲಾರಿಯ ನೆರಳು ಬಂತು, ಅದರ ಹಿಂದೆ ಒಂದು ಬಸ್ಸಿನದು, ಹಿಂದೆಯೇ ಒಂದು ಪುಟ್ಟ ಕಾರಿನದು. ಒಂದೂ ನಿಲ್ಲಲಿಲ್ಲ. ಮೂವರೂ ಧೂಳಿನ ಕೈಗಳನ್ನು ಕೆಳಗೆ ಬಿಟ್ಟುಕೊಂಡು, ಆ ನೆರಳುಗಳು ಬಂಡೆಯ ಅಂಚಿನಿಂದ ಖಾಲಿಗೆ ಹೊರಳಿ ಇಲ್ಲವಾಗುವುದನ್ನು ಒಂದೊಂದಾಗಿ ನೋಡುತ್ತ ನಿಂತರು.